ಬಾಟಲಿ ಖಾಲಿಯಾದರೆ ಆಯಿಲ್ ಸರಿಯಾಯಿತು ಅಂತಲ್ಲ

ಪ್ರಶ್ನೆ: ನನ್ನದು 2018ರ ಸ್ಪ್ಲೆಂಡರ್ ಪ್ಲಸ್. ಕಳೆದ ವಾರ ಊರಿನ ಗ್ಯಾರೇಜಿನಲ್ಲಿ ಆಯಿಲ್ ಚೇಂಜ್ ಮಾಡಿಸಿದೆ. ನಾನೇ ತೆಗೆದುಕೊಂಡು ಹೋಗಿದ್ದ ಒಂದು ಲೀಟರ್ ಬಾಟಲಿಯನ್ನು ಪೂರ್ತಿ ಸುರಿದರು. ಮನೆಗೆ ಬಂದು, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ತಿರುಗಿಸಿ ಬಿಗಿ ಮಾಡಿ, ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆಗಿಂತ ತುಂಬಾ ಮೇಲಿತ್ತು. ಮರುದಿನ ಸೈಡ್ ಸ್ಟ್ಯಾಂಡ್ ಹಾಕಿದ್ದಾಗ ನೋಡಿದೆ, ಕೆಳಗಿನ ಗೆರೆಯ ಹತ್ತಿರ ಇತ್ತು. ಯಾವುದು ನಿಜ? ಗಾಡಿ ಮೊದಲಿನಂತೆ ಎಳೆಯುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ತೆಳ್ಳಗೆ ಹೊಗೆಯೂ ಬರುತ್ತಿದೆ. ಮುಂದಿನ ಸಲ ಕಾರಿಗೆ ಹಾಕುವ 20ಡಬ್ಲ್ಯು-50 ಆಯಿಲ್ ಹಾಕಿಸು, ಇಂಜಿನ್ ಗಟ್ಟಿಯಾಗಿರುತ್ತೆ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಹಾಕಬಹುದಾ?
– ತಿಪಟೂರಿನಿಂದ ಓದುಗರೊಬ್ಬರು

ಉತ್ತರ: ಸರಿಯಾಗಿ ಇನ್ನೊಮ್ಮೆ ಅಳೆಯುವ ತನಕ ಆಯಿಲ್ ಹಾಕಲೂ ಬೇಡಿ, ತೆಗೆಯಲೂ ಬೇಡಿ. ಗಾಡಿಯನ್ನು ದೂರ ಓಡಿಸಲೂ ಬೇಡಿ. ನೀವು ಎರಡು ಸಲ ನೋಡಿದ್ದೀರಿ, ಎರಡು ಸಲವೂ ಅಳತೆ ತಪ್ಪಿದೆ. ಮೊದಲ ಸಲ ಇದ್ದದ್ದಕ್ಕಿಂತ ಜಾಸ್ತಿ ತೋರಿಸಿದೆ, ಎರಡನೇ ಸಲ ಕಡಿಮೆ ತೋರಿಸಿದೆ. ಆದರೆ ಪೂರ್ತಿ ಲೀಟರ್ ಸುರಿದದ್ದು, ಗಾಡಿ ಎಳೆಯದಿರುವುದು, ಹೊಗೆ, ಈ ಮೂರನ್ನೂ ಸೇರಿಸಿ ನೋಡಿದರೆ ಆಯಿಲ್ ಜಾಸ್ತಿಯಾಗಿದೆ ಎಂದೇ ನನಗೆ ಅನಿಸುತ್ತದೆ. ಹೆದರಬೇಡಿ. ಒಂದು ವಾರದಲ್ಲಿ ಗೊತ್ತಾಗಿದೆ, ಸರಿ ಮಾಡುವುದೂ ಸುಲಭ.

ಅಳತೆ ಯಾಕೆ ತಪ್ಪಿತು ಅಂತ ನೋಡೋಣ. ಡಿಪ್‌ಸ್ಟಿಕ್ ಮೇಲಿನ ಎರಡು ಗೆರೆಗಳನ್ನು ಕಂಪನಿಯವರು ಒಂದು ಗೊತ್ತಾದ ಕ್ರಮಕ್ಕೆ ಹೊಂದಿಸಿ ಹಾಕಿರುತ್ತಾರೆ. ಸ್ಪ್ಲೆಂಡರಿನಲ್ಲಿ ಆ ಕ್ರಮ ಹೀಗಿದೆ: ಕಡ್ಡಿಯನ್ನು ಒರೆಸಿ ತೂತಿನೊಳಗೆ ಇಳಿಸಬೇಕು, ತಿರುಗಿಸಬಾರದು. ಮುಚ್ಚಳದ ಥ್ರೆಡ್ ತೂತಿನ ಬಾಯಿಯ ಮೇಲೆ ಸುಮ್ನೆ ಕೂತರೆ ಸಾಕು. ನೀವು ತಿರುಗಿಸಿ ಬಿಗಿ ಮಾಡಿದಿರಿ. ಆಗ ಥ್ರೆಡ್ಡಿನ ಉದ್ದದಷ್ಟು ಕಡ್ಡಿ ಇನ್ನೂ ಕೆಳಗೆ ಹೋಯಿತು. ಜಾಸ್ತಿ ಮುಳುಗಿದ ಕಡ್ಡಿಯ ಮೇಲೆ ಆಯಿಲ್ ಜಾಸ್ತಿ ಮೇಲೆ ಕಾಣುತ್ತದೆ. ಎರಡು ಗೆರೆಗಳ ನಡುವಿನ ಅಂತರವೇ ಚಿಕ್ಕದು. ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ. ನಿಜವಾಗಿ ಕಡಿಮೆ ಇರುವ ಆಯಿಲ್ ಕೂಡ ‘ಫುಲ್’ ಅಂತ ಕಾಣಿಸಿಬಿಡಬಹುದು.

ಸೈಡ್ ಸ್ಟ್ಯಾಂಡಿನಲ್ಲಿ ಆದದ್ದು ಇದರ ಉಲ್ಟಾ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲುತ್ತದೆ, ಒಳಗಿನ ಆಯಿಲ್ ಕೂಡ ಎಡಕ್ಕೆ ಹರಿಯುತ್ತದೆ. ಸ್ಪ್ಲೆಂಡರಿನ ಡಿಪ್‌ಸ್ಟಿಕ್ ಇರುವುದು ಬಲಗಡೆ. ಹಾಗಾಗಿ ಕಡ್ಡಿಗೆ ತಾಗುವ ಆಯಿಲ್ ಕಡಿಮೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಗಾಡಿಗಳಿಗೆ ತೊಂದರೆ ಮಾಡುವುದು ಇದೇ ತಪ್ಪು. ಮಾಲೀಕರು ಸೈಡ್ ಸ್ಟ್ಯಾಂಡಿನಲ್ಲಿ ನೋಡುತ್ತಾರೆ, ಕಡಿಮೆ ಕಂಡಿತು ಅಂತ ಕಾಲು ಲೀಟರ್ ಸೇರಿಸುತ್ತಾರೆ, ಹದಿನೈದು ದಿನ ಬಿಟ್ಟು ಮತ್ತೆ ಹಾಗೇ ನೋಡಿ ಮತ್ತೆ ಸೇರಿಸುತ್ತಾರೆ. ಗಾಡಿಯ ಮೇಲಿನ ಕಾಳಜಿಯಿಂದಲೇ ಹೀಗೆ ಮಾಡುತ್ತಾರೆ. ಅದಕ್ಕೇ ಇದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಈಗ ಸರಿಯಾಗಿ ಅಳೆಯುವುದು ಹೇಗೆ ಅಂತ ಹೇಳುತ್ತೇನೆ. ಸಮತಟ್ಟಾದ ಜಾಗ ನೋಡಿಕೊಳ್ಳಿ. ಮನೆ ಮುಂದಿನ ರ‍್ಯಾಂಪ್ ಬೇಡ, ಇಳಿಜಾರಿನ ಅಂಗಳವೂ ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಆಕ್ಸಿಲರೇಟರ್ ತಿರುಚಬೇಡಿ. ಆಫ್ ಮಾಡಿ ಮತ್ತೆ ಎರಡು ಮೂರು ನಿಮಿಷ ಕಾಯಿರಿ. ಕಾಯುವುದು ಯಾಕೆ ಅಂದರೆ, ಇಂಜಿನ್ ಓಡುವಾಗ ಆಯಿಲ್ ಪಂಪು ಆಯಿಲನ್ನು ಮೇಲೆ ಹೆಡ್ಡಿನ ತನಕ ಕಳಿಸಿರುತ್ತದೆ. ಅದು ಕೆಳಗಿಳಿದು ತಳ ಸೇರಲು ಸಮಯ ಬೇಕು. ಆಫ್ ಮಾಡಿದ ಕ್ಷಣವೇ ನೋಡಿದರೆ ಕಡಿಮೆ ತೋರಿಸುತ್ತದೆ. ಕಾದ ಮೇಲೆ ಡಿಪ್‌ಸ್ಟಿಕ್ ತೆಗೆದು, ನೂಲು ಬಿಡದ ಒಣ ಬಟ್ಟೆಯಲ್ಲಿ ಒರೆಸಿ, ತಿರುಗಿಸದೆ ನೆಟ್ಟಗೆ ಇಳಿಸಿ, ನೆಟ್ಟಗೆ ಎತ್ತಿ. ಹೊಸ ಆಯಿಲ್ ತಿಳಿಯಾಗಿರುತ್ತದೆ, ಕಡ್ಡಿಯ ಮೇಲೆ ಸರಿಯಾಗಿ ಕಾಣುವುದಿಲ್ಲ. ಬೆಳಕಿಗೆ ಸ್ವಲ್ಪ ಓರೆ ಹಿಡಿದು ನೋಡಿ, ಒದ್ದೆಯಾದ ಭಾಗ ಹೊಳೆಯುತ್ತದೆ. ಎರಡು ಸಲ ಅಳೆಯಿರಿ. ಎರಡೂ ಒಂದೇ ಬಂದರೆ ನಂಬಿ. ಗುರುತು ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಹತ್ತಿರ ಇದ್ದರೆ ಅದೇ ಸರಿ. ಮೇಲಿನ ಗೆರೆಯನ್ನು ದಾಟಬಾರದು.

ಒಂದು ಲೀಟರ್ ಬಾಟಲಿ ಪೂರ್ತಿ ಹಾಕಿದ್ದು ತಪ್ಪಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಇಡೀ ಸಮಸ್ಯೆಯ ಬೇರು ಅಲ್ಲಿದೆ. ನಿಮ್ಮ ಗಾಡಿಯ ಓನರ್ಸ್ ಮ್ಯಾನುಯಲ್ ತೆಗೆದು ಇಂಜಿನ್ ಆಯಿಲ್ ಅಂತ ಇರುವ ಸಾಲು ಹುಡುಕಿ. ಅಲ್ಲಿ ಎರಡು ಅಳತೆ ಕೊಟ್ಟಿರುತ್ತಾರೆ. ಒಂದು ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಹಿಡಿಯುವ ಆಯಿಲ್. ಇನ್ನೊಂದು ಬರೀ ಡ್ರೈನ್ ಮಾಡಿ ತುಂಬುವಾಗ ಬೇಕಾಗುವ ಆಯಿಲ್. ಎರಡನೆಯದು ಯಾವಾಗಲೂ ಕಡಿಮೆ. ಬೋಲ್ಟ್ ಬಿಚ್ಚಿದಾಗ ಹಳೇ ಆಯಿಲ್ ಎಲ್ಲಾ ಹೊರಗೆ ಬರುವುದಿಲ್ಲ, ಅದಕ್ಕೆ. ಕ್ಲಚ್ ಪ್ಲೇಟುಗಳ ನಡುವೆ, ಗೇರುಗಳ ಮೈಮೇಲೆ, ಕವರಿನ ಮೂಲೆಗಳಲ್ಲಿ, ಆಯಿಲ್ ಪಂಪಿನ ದಾರಿಯಲ್ಲಿ ಒಂದಷ್ಟು ಉಳಿದೇ ಉಳಿಯುತ್ತದೆ. ಸ್ಪ್ಲೆಂಡರಿನಲ್ಲಿ ಕಾರಿನಂತೆ ಬದಲಿಸುವ ಪೇಪರ್ ಆಯಿಲ್ ಫಿಲ್ಟರ್ ಇಲ್ಲ. ಗಿರಗಿರ ತಿರುಗಿ ಕೊಳೆಯನ್ನು ಅಂಚಿಗೆ ಎಸೆಯುವ ಬಟ್ಟಲಿನಂಥ ಫಿಲ್ಟರ್ ಇದೆ, ಜೊತೆಗೆ ಒಂದು ಜಾಲರಿ. ಆ ಬಟ್ಟಲಿನಲ್ಲೂ ಹಳೇ ಆಯಿಲ್ ನಿಂತಿರುತ್ತದೆ.

ನಿಮ್ಮ ಗಾಡಿಗೆ ಡ್ರೈನ್ ಮಾಡಿದ ಮೇಲೆ ಬೇಕಾಗುವುದು ಒಂದು ಲೀಟರಿಗಿಂತ ಕಡಿಮೆ. ಬಾಟಲಿ ಒಂದು ಲೀಟರಿನದು. ಉಳಿದದ್ದನ್ನು ಎಲ್ಲಿಡುವುದು ಅಂತ ಪೂರ್ತಿ ಸುರಿದುಬಿಡುತ್ತಾರೆ. ಗಿರಾಕಿಗಳೂ ಎಷ್ಟೋ ಸಲ ‘ದುಡ್ಡು ಕೊಟ್ಟಿದ್ದೀನಿ, ಪೂರ್ತಿ ಹಾಕಿ’ ಅನ್ನುತ್ತಾರೆ. ಅಂಗಡಿಯಲ್ಲಿ ಬಾಟಲಿ ಯಾವ ಸೈಜಿನಲ್ಲಿ ಸಿಗುತ್ತದೋ ಇಂಜಿನ್‌ಗೆ ಅಷ್ಟೇ ಬೇಕು ಅಂತ ಏನೂ ಇಲ್ಲ, ಅಲ್ವಾ? ಉಳಿದ ಆಯಿಲನ್ನು ಮುಚ್ಚಳ ಬಿಗಿ ಮಾಡಿ, ಧೂಳು ನೀರು ಬೀಳದ ಕಡೆ ಇಡಿ. ಮುಂದೆ ಲೆವೆಲ್ ಇಳಿದಾಗ ಅದೇ ಆಯಿಲ್ ಟಾಪ್‌ಅಪ್‌ಗೆ ಆಗುತ್ತದೆ.

ಸ್ವಲ್ಪ ಜಾಸ್ತಿ ಆದರೆ ಏನಾಗುತ್ತೆ, ಕಡಿಮೆಗಿಂತ ಒಳ್ಳೆಯದೇ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಕಡಿಮೆಯಾದರೆ ಅಪಾಯ ದೊಡ್ಡದು, ಅದು ನಿಜ. ಆದರೆ ಜಾಸ್ತಿಯಾದರೂ ಇಂಜಿನ್ ಸುಮ್ಮನಿರುವುದಿಲ್ಲ. ಒಳಗೆ ಏನು ನಡೆಯುತ್ತದೆ ನೋಡಿ. ಸ್ಪ್ಲೆಂಡರ್ 97.2 ಸಿಸಿ ಇಂಜಿನ್, ಒಂದೇ ಸಿಲಿಂಡರ್. ಪಿಸ್ಟನ್ ಕೆಳಗೆ ಬಂದಾಗಲೆಲ್ಲ ತನ್ನ ಕೆಳಗಿನ ಗಾಳಿಯನ್ನು ಹೆಚ್ಚುಕಡಿಮೆ 97 ಸಿಸಿಯಷ್ಟು ಒತ್ತುತ್ತದೆ. ಮೇಲೆ ಹೋದಾಗ ಅಷ್ಟೇ ಗಾಳಿಯನ್ನು ಎಳೆಯುತ್ತದೆ. ಇಂಜಿನ್ 6000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಇದು ಸೆಕೆಂಡಿಗೆ 100 ಸಲ. ಆ ಗಾಳಿ ಆಡಲು ಇಂಜಿನ್ನಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ ಖಾಲಿ ಜಾಗ ಇರಬೇಕು. ನೀವು 200 ಮಿ.ಲೀ. ಆಯಿಲ್ ಜಾಸ್ತಿ ಹಾಕಿದರೆ ಆ ಖಾಲಿ ಜಾಗದಲ್ಲಿ 200 ಸಿಸಿ ಹೋಯಿತು. ಗಾಳಿ ಅಷ್ಟೇ, ಜಾಗ ಕಡಿಮೆ. ಒತ್ತಡ ಏರುತ್ತದೆ.

ಏರಿದ ಒತ್ತಡ ದಾರಿ ಹುಡುಕುತ್ತದೆ. ಮೊದಲ ದಾರಿ ಬ್ರೀದರ್ ಪೈಪು, ಅಂದರೆ ಇಂಜಿನ್ ಒಳಗಿನ ಗಾಳಿ ಹೊರಬರುವ ಪೈಪು. ಅದು ಹೋಗಿ ಸೇರುವುದು ಏರ್ ಫಿಲ್ಟರ್ ಬಾಕ್ಸಿಗೆ. ಗಾಳಿಯ ಜೊತೆ ಆಯಿಲಿನ ಹನಿಗಳೂ ಅಲ್ಲಿಗೆ ಹೋಗುತ್ತವೆ. ಅಲ್ಲಿಂದ ಕಾರ್ಬುರೇಟರ್ ಮೂಲಕ ಇಂಜಿನ್ ಒಳಗೆ ಎಳೆದುಕೊಂಡು ಸುಡುತ್ತದೆ. ನಿಮಗೆ ಕಾಣುತ್ತಿರುವ ಹೊಗೆ ಅದೇ ಇರಬಹುದು. ಆಯಿಲ್ ಸುಟ್ಟ ಹೊಗೆ ನೀಲಿ ಛಾಯೆಯಲ್ಲಿ ಇರುತ್ತದೆ, ಕಮಟು ವಾಸನೆ ಬರುತ್ತದೆ. ಚಳಿ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಹಬೆ ಬೇರೆ, ಎರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಒತ್ತಡಕ್ಕೆ ಎರಡನೇ ದಾರಿ ಆಯಿಲ್ ಸೀಲುಗಳು. ಹಳೇ ಗಾಡಿಯಲ್ಲಿ ಗೇರ್ ಶಾಫ್ಟಿನ ಹತ್ತಿರವೋ ಚೈನ್ ಸ್ಪ್ರಾಕೆಟ್ಟಿನ ಹಿಂದೆಯೋ ಒದ್ದೆ ಕಾಣಿಸಿಕೊಳ್ಳುತ್ತದೆ.

ಗಾಡಿ ಎಳೆಯದಿರುವುದಕ್ಕೂ ಇದೇ ಕಾರಣ ಇರಬಹುದು. ಲೆವೆಲ್ ಮೇಲೇರಿದಾಗ ಒಳಗೆ ತಿರುಗುವ ಭಾಗಗಳು ಆಯಿಲಿನಲ್ಲಿ ಜಾಸ್ತಿ ಮುಳುಗುತ್ತವೆ. ಮೊಣಕಾಲುದ್ದ ನೀರಿನಲ್ಲಿ ನಡೆದ ಹಾಗೆ. ಆ ಕಡೆತಕ್ಕೆ ಆಯಿಲಿನಲ್ಲಿ ನೊರೆ ಏಳುತ್ತದೆ. ಮಜ್ಜಿಗೆ ಕಡೆದಾಗ ನೊರೆ ಬರುವ ಹಾಗೇ. ನೊರೆ ಅಂದರೆ ಅರ್ಧ ಗಾಳಿ. ಪಂಪು ಅದನ್ನು ಎತ್ತಿ ಇಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿಗೆ ಕಳಿಸಿದರೆ ಅಲ್ಲಿ ಆಯಿಲಿನ ಪದರ ತೆಳ್ಳಗಾಗುತ್ತದೆ. ಅಂದರೆ ಜಾಸ್ತಿ ಆಯಿಲ್ ಹಾಕಿಯೂ ಮೇಲಿನ ಭಾಗ ಒಣಗುತ್ತದೆ.

ಹಾಗಾಗಿ ಸರಿಯಾಗಿ ಅಳೆದು ನೋಡಿ. ಗುರುತು ಮೇಲಿನ ಗೆರೆ ದಾಟಿದ್ದರೆ ಜಾಸ್ತಿಯಾದದ್ದನ್ನು ತೆಗೆಯಬೇಕು. ಡ್ರೈನ್ ಬೋಲ್ಟ್ ಸಡಿಲಿಸಿ ಸ್ವಲ್ಪ ಬಿಡುವುದು ಒಂದು ದಾರಿ. ಕೈಮೇಲೆಲ್ಲ ಸುರಿಯುತ್ತದೆ, ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ, ನಾನು ಹೇಳುವುದಿಲ್ಲ. ಮೆಡಿಕಲ್ ಶಾಪಿನಲ್ಲಿ 50 ಮಿ.ಲೀ. ಸಿರಿಂಜ್ ತಗೊಳ್ಳಿ, ಅದಕ್ಕೆ ಕೂರುವಂಥ ತೆಳ್ಳಗಿನ ಪೈಪು ಒಂದಡಿ ಉದ್ದ ಸಿಕ್ಕಿಸಿ. ಪೈಪು ಬಿಗಿಯಾಗಿ ಕೂತಿದೆಯಾ ಅಂತ ಎಳೆದು ನೋಡಿ, ಒಳಗೆ ಕಳಚಿ ಬೀಳಬಾರದು. ಇಂಜಿನ್ ಉಗುರುಬೆಚ್ಚಗಿರುವಾಗ ಡಿಪ್‌ಸ್ಟಿಕ್ ತೂತಿನಿಂದ ಪೈಪನ್ನು ಇಳಿಸಿ ಎಳೆಯಿರಿ. ತೆಗೆದದ್ದನ್ನು ಎಣಿಸುತ್ತಾ ಬನ್ನಿ. ಎರಡು ಸಿರಿಂಜ್ ತೆಗೆದರೆ 100 ಮಿ.ಲೀ. ಆಯಿತು. ಅಲ್ಲಿ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಕಾದು ಅಳೆಯಿರಿ. ಅವಸರ ಮಾಡಿ ಜಾಸ್ತಿ ತೆಗೆದರೆ ಮತ್ತೆ ಸುರಿಯಬೇಕಾಗುತ್ತದೆ.

ಆಮೇಲೆ ಏರ್ ಫಿಲ್ಟರ್ ಬಾಕ್ಸ್ ತೆಗೆದು ನೋಡಿ. ಇಲ್ಲೊಂದು ಎಚ್ಚರಿಕೆ. ಈ ಗಾಡಿಗಳಲ್ಲಿ ಬರುವ ವಿಸ್ಕಸ್ ಪೇಪರ್ ಫಿಲ್ಟರ್ ಹೊಸದಿದ್ದಾಗಲೇ ಸ್ವಲ್ಪ ಅಂಟಂಟಾಗಿರುತ್ತದೆ, ಧೂಳು ಹಿಡಿಯಲಿ ಅಂತ. ಅದನ್ನು ನೋಡಿ ಗಾಬರಿಯಾಗಬೇಡಿ. ಆದರೆ ಆಯಿಲ್ ತೊಟ್ಟಿಕ್ಕುತ್ತಿದ್ದರೆ, ಬಾಕ್ಸಿನ ತಳದಲ್ಲಿ ಆಯಿಲ್ ನಿಂತಿದ್ದರೆ, ಬಾಕ್ಸ್ ಒರೆಸಿ ಫಿಲ್ಟರ್ ಹೊಸದು ಹಾಕಿಸಿ. ಪೆಟ್ರೋಲಿನಲ್ಲಿ ತೊಳೆಯುವುದು, ಗಾಳಿ ಹೊಡೆಯುವುದು ಈ ಫಿಲ್ಟರಿಗೆ ಬೇಡ. ಲೆವೆಲ್ ಸರಿ ಮಾಡಿ, ಫಿಲ್ಟರ್ ಸರಿಯಾದ ಮೇಲೆ ಹೊಗೆ ಕೆಲವು ದಿನ ಉಳಿಯಬಹುದು, ಒಳಗೆ ಅಂಟಿದ್ದು ಸುಟ್ಟುಹೋಗಬೇಕಲ್ಲ. ಎರಡು ವಾರ ಕಳೆದರೂ ನಿಲ್ಲದಿದ್ದರೆ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಕಡೆ ನೋಡಬೇಕಾಗುತ್ತದೆ.

ಇನ್ನೂ ಒಂದು ಪರೀಕ್ಷೆ ಬಿಡಬೇಡಿ. ಡಿಪ್‌ಸ್ಟಿಕ್ ಮೂಸಿ ನೋಡಿ. 2018ರ ಗಾಡಿ ಅಂದರೆ ನಿಮ್ಮದು ಕಾರ್ಬುರೇಟರ್ ಗಾಡಿ. ಕಾರ್ಬುರೇಟರಿನ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದು, ಪೆಟ್ರೋಲ್ ಕಾಕ್ ರಾತ್ರಿಯಿಡೀ ಆನ್ ಇದ್ದರೆ, ಪೆಟ್ರೋಲ್ ಇಳಿದು ಆಯಿಲಿಗೆ ಸೇರಬಹುದು. ಆಗ ನೀವು ಏನೂ ಹಾಕದಿದ್ದರೂ ಲೆವೆಲ್ ಏರುತ್ತಾ ಹೋಗುತ್ತದೆ. ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಜೋರಾಗಿದ್ದರೆ, ಆಯಿಲ್ ನೀರು ನೀರಾಗಿದ್ದರೆ, ಸಿರಿಂಜಿನಿಂದ ತೆಗೆದು ಪ್ರಯೋಜನವಿಲ್ಲ. ಮೊದಲು ಕಾರ್ಬುರೇಟರ್ ಸರಿ ಮಾಡಿಸಿ, ಆಮೇಲೆ ಆಯಿಲ್ ಪೂರ್ತಿ ಬದಲಿಸಿ. ಅಲ್ಲಿಯವರೆಗೆ ಸ್ಟಾರ್ಟ್ ಮಾಡಲೇಬೇಡಿ. ಹಾಗೆಯೇ ಆಯಿಲ್ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಮಳೆಗಾಲದಲ್ಲಿ ಹಳ್ಳ ದಾಟಿಸಿದ ಗಾಡಿಗಳಲ್ಲಿ ನೋಡುತ್ತೇವೆ. ಅದನ್ನೂ ತಕ್ಷಣ ಬದಲಿಸಬೇಕು. ಬರೀ ಕಪ್ಪಾಗಿದ್ದರೆ ಚಿಂತೆಯಿಲ್ಲ. ಆಯಿಲಿನಲ್ಲಿ ಕೊಳೆ ತೊಳೆಯುವ ಅಂಶ ಬೆರೆಸಿರುತ್ತಾರೆ, ಕೊಳೆಯನ್ನು ಹಿಡಿದುಕೊಂಡಾಗ ಕಪ್ಪಾಗುವುದು ಸಹಜ.

ಮುಂದಿನ ಸಲ ಆಯಿಲ್ ಚೇಂಜ್ ಮಾಡಿಸುವಾಗ ಗಾಡಿಯ ಹತ್ತಿರವೇ ನಿಂತಿರಿ. ಇಂಜಿನ್ ಬೆಚ್ಚಗಿರುವಾಗ ಸೆಂಟರ್ ಸ್ಟ್ಯಾಂಡಿನಲ್ಲಿ ಡ್ರೈನ್ ಮಾಡಲಿ. ಧಾರೆ ಹೋಗಿ ಹನಿಯಾದ ಮೇಲೆ ಕೀ ಆಫ್ ಇಟ್ಟು ನಾಲ್ಕೈದು ಸಲ ಕಿಕ್ ಹೊಡೆದರೆ ಒಳಗೆ ಉಳಿದದ್ದು ಇನ್ನಷ್ಟು ಬರುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿಸಿ, ಅದು ಒತ್ತಿಕೊಂಡು ಕೂರುವಂಥದ್ದು, ಹಳೆಯದು ಸರಿಯಾಗಿ ಕೂರುವುದಿಲ್ಲ. ಬೋಲ್ಟನ್ನು ಮೊದಲು ಕೈಯಲ್ಲೇ ಹತ್ತಿಸಬೇಕು. ಕೇಸು ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಉದ್ದ ಸ್ಪ್ಯಾನರ್ ಹಾಕಿ ಜಗ್ಗಿದರೆ ಕೇಸಿನ ಥ್ರೆಡ್ ಹೋಗುತ್ತದೆ. ಒಂದು ಗಾಡಿ ನನ್ನ ಹತ್ತಿರ ಬಂದಾಗ ಆ ಬೋಲ್ಟ್ ಬಟ್ಟೆ ಚೂರು ಮತ್ತು ಎಂ-ಸೀಲ್ ಮೇಲೆ ನಿಂತಿತ್ತು. ದಾರಿಯಲ್ಲಿ ಕಳಚಿದ್ದರೆ ಆಯಿಲೆಲ್ಲ ಸುರಿದು ಹಿಂದಿನ ಚಕ್ರಕ್ಕೆ ಬೀಳುತ್ತಿತ್ತು. ಓಡಿಸುತ್ತಿದ್ದವರ ಹಿಂದೆ ಅವರ ಮಗಳು ಕೂತಿದ್ದಳು. ಅವತ್ತಿನಿಂದ ಡ್ರೈನ್ ಬೋಲ್ಟ್ ನಾನು ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಬಿಗಿ ಮಾಡಿಲ್ಲ.

ತುಂಬುವಾಗ ಪುಸ್ತಕದ ಡ್ರೈನ್ ಅಳತೆಗಿಂತ 100 ಮಿ.ಲೀ. ಕಡಿಮೆ ಹಾಕಲು ಹೇಳಿ. ಪುಸ್ತಕದಲ್ಲಿ 700 ಅಂತಿದ್ದರೆ 600. ಬಾಟಲಿಯ ಪಕ್ಕದಲ್ಲಿ ಅಳತೆಯ ಗೆರೆ ಇರುತ್ತದೆ. ಎರಡು ಮೂರು ನಿಮಿಷ ಓಡಿಸಿ, ಕಾದು, ಅಳೆದು, ಬೇಕಾದಷ್ಟು ಸ್ವಲ್ಪ ಸ್ವಲ್ಪವೇ ಸೇರಿಸಲಿ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಹೊರಬಂದ ಹಳೇ ಆಯಿಲನ್ನು ನೀರಿನ ಬಾಟಲಿಗೆ ಹಾಕಿ ಎಷ್ಟಿದೆ ಅಂತಲೂ ನೋಡಿ. ಅದು ಡ್ರೈನ್ ಅಳತೆಗಿಂತ ತುಂಬಾ ಕಡಿಮೆ ಬಂದರೆ ನಿಮ್ಮ ಇಂಜಿನ್ ಆಯಿಲ್ ತಿನ್ನುತ್ತಿದೆ. ಅಂಥ ಗಾಡಿಯನ್ನು ಹದಿನೈದು ದಿನಕ್ಕೊಮ್ಮೆ ಅಳೆಯಬೇಕು. ಸ್ಪ್ಲೆಂಡರಿನಲ್ಲಿ ಆಯಿಲ್ ಕಡಿಮೆಯಾಯಿತು ಅಂತ ಹೇಳುವ ಕೆಂಪು ಲೈಟ್ ಇಲ್ಲ. ನೀವೇ ನೋಡಬೇಕು.

ಕಾರಿನ ಆಯಿಲ್ ಬಗ್ಗೆ ಕೇಳಿದ್ದೀರಿ. ಬೇಡ. ಕಾರಿನಲ್ಲಿ ಇಂಜಿನ್ ಆಯಿಲ್ ಇಂಜಿನ್‌ಗೆ ಮಾತ್ರ. ಬೈಕಿನಲ್ಲಿ ಅದೇ ಆಯಿಲ್ ಇಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ. ಕ್ಲಚ್ ಪ್ಲೇಟುಗಳು ಆಯಿಲಿನಲ್ಲಿ ಮುಳುಗಿಕೊಂಡೇ ಕೆಲಸ ಮಾಡುತ್ತವೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ಅಂಶ ಸೇರಿಸಿರುತ್ತಾರೆ. ಅದು ಪ್ಲೇಟುಗಳ ನಡುವೆ ಸೇರಿದರೆ ಕ್ಲಚ್ ಜಾರುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬೈಕಿನ ಆಯಿಲ್ ಬಾಟಲಿಯ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಅಂತ ಇರಬೇಕು, ಇದು ಜಪಾನಿನ ಗುಣಮಟ್ಟದ ಗುರುತು. ‘ಎಂಬಿ’ ಅಂತ ಇದ್ದರೆ ಅದು ಗೇರಿಲ್ಲದ ಸ್ಕೂಟರಿಗೆ, ಅಲ್ಲಿ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲ. ಇನ್ನು ದಪ್ಪದ ವಿಷಯ. ನಿಮ್ಮ ಗಾಡಿಗೆ ಕಂಪನಿ ಹೇಳಿರುವುದು 10ಡಬ್ಲ್ಯು-30. 20ಡಬ್ಲ್ಯು-50 ಅದಕ್ಕಿಂತ ದಪ್ಪ. ಬೆಳಿಗ್ಗೆ ತಣ್ಣಗಿರುವಾಗ ಮೇಲಕ್ಕೆ ಏರಲು ತಡ ಮಾಡುತ್ತದೆ. ಇಂಜಿನ್ ಹೆಚ್ಚು ಸವೆಯುವುದು ಆ ಮೊದಲ ಕ್ಷಣಗಳಲ್ಲೇ. ದಪ್ಪ ಆಯಿಲಿನಿಂದ ಸೌಂಡ್ ಕಡಿಮೆಯಾದ ಹಾಗೆ ಕೇಳಬಹುದು, ಅದರಿಂದ ಇಂಜಿನ್ ಗಟ್ಟಿಯಾಗುವುದಿಲ್ಲ.

ಮನೆಯಲ್ಲಿ ಬೇರೆ ಗಾಡಿ ಇದ್ದರೆ ಈ ಕ್ರಮವನ್ನು ಕಣ್ಣುಮುಚ್ಚಿ ಅದಕ್ಕೆ ಹಚ್ಚಬೇಡಿ. ಕೆಲವು ಬೈಕುಗಳಲ್ಲಿ ಡಿಪ್‌ಸ್ಟಿಕ್ ಪೂರ್ತಿ ತಿರುಗಿಸಿಯೇ ಅಳೆಯಬೇಕು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕೆಟಿಎಂ ಡ್ಯೂಕ್ ಥರದವುಗಳಲ್ಲಿ ಕಡ್ಡಿಯ ಬದಲು ಗಾಜಿನ ಕಿಂಡಿ ಇದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ನೋಡಬೇಕು. ಡ್ಯೂಕಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ, ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಬಗ್ಗಿ ನೋಡಲಿ. ಹಳೇ ಕಾಸ್ಟ್ ಐರನ್ ಬುಲೆಟ್ಟಿನಲ್ಲಿ ಇಂಜಿನ್ನಿಗೆ, ಕ್ಲಚ್ ಕೇಸಿಗೆ, ಗೇರ್ ಬಾಕ್ಸಿಗೆ ಬೇರೆ ಬೇರೆ ಆಯಿಲ್. ಅದನ್ನು ಗೊತ್ತಿದ್ದವರ ಕೈಗೇ ಕೊಡಿ.

ಸಿರಿಂಜಿನಿಂದ ತೆಗೆದ ಆಯಿಲ್ ಇನ್ನೂ ಹೊಸದರಂತೆ ಕಂಡರೂ ಹೊಸ ಆಯಿಲ್ ಬಾಟಲಿಗೆ ವಾಪಸ್ ಸುರಿಯಬೇಡಿ. ಅದರಲ್ಲಿ ಹಳೆಯದು ಬೆರೆತಿದೆ. ಚರಂಡಿಗೂ ಬೇಡ, ತೆಂಗಿನ ಬುಡಕ್ಕೂ ಬೇಡ. ಒಂದು ಡಬ್ಬಿಯಲ್ಲಿ ಹಾಕಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಕೈಗೆ ಅಂಟಿದ್ದನ್ನು ಸೋಪು ಹಾಕಿ ತೊಳೆಯಿರಿ. ಹಳೇ ಇಂಜಿನ್ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ. ಖಾಲಿ ಬಾಟಲಿಯನ್ನು ಹಾಗೇ ಗುಜರಿಗೆ ಹಾಕದೆ, ಬ್ಲೇಡಿನಿಂದ ಎರಡು ಕಡೆ ಕೊಯ್ದು ಹಾಕಿ. ಯಾರೋ ಕಲಬೆರಕೆ ಆಯಿಲ್ ತುಂಬಿ ಇನ್ನೊಬ್ಬರಿಗೆ ಮಾರಲು ಅದು ಸಿಗಬಾರದು.